‘ಟ್ಯಾಲೆಂಟ್’ - ಪದದ ಅರ್ಥ ಮತ್ತು ಬಳಕೆ

ಶಾಲಾ ವಾರ್ಷಿಕೋತ್ಸವ, ಟಿ.ವಿ. ಕಾರ್ಯಕ್ರಮ, ಧರ್ಮಕೇಂದ್ರದ ಯುವಜನರ ಕೂಟ - ಎಲ್ಲಿ ಹೋದರೂ ‘ಟ್ಯಾಲೆಂಟ್’ ಎಂಬ ಇಂಗ್ಲಿಷ್ ಪದ ಕೇಳಿಬರುತ್ತದೆ. ಚೆನ್ನಾಗಿ ಹಾಡುವ, ಕುಣಿಯುವ ಮಗುವನ್ನು ‘ಒಳ್ಳೆ ಟ್ಯಾಲೆಂಟ್ ಉಂಟು’ ಎಂದು ಹೊಗಳುತ್ತೇವೆ. ವೇದಿಕೆ ಹತ್ತದ ಮಗುವನ್ನು ‘ಟ್ಯಾಲೆಂಟ್ ಇಲ್ಲ’ ಎಂದುಬಿಡುತ್ತೇವೆ. ಆದರೆ ಈ ಎರಡನೆಯ ಮಾತು ಪದದ ಮೂಲಕ್ಕೆ ಒಪ್ಪುವಂಥದ್ದಲ್ಲ.

ಪದದ ಮೂಲ: ಗ್ರೀಕ್ ಭಾಷೆಯ ‘ತಲಾಂತೊನ್’ ಎಂದರೆ ಮೊದಲು ತಕ್ಕಡಿ, ಬಳಿಕ ಒಂದು ತೂಕ, ಅನಂತರ ಆ ತೂಕದ ಬೆಳ್ಳಿ ಅಥವಾ ಚಿನ್ನ. ಅಥೆನ್ಸಿನ ಅಳತೆಯಲ್ಲಿ ಅದು ಸುಮಾರು 26 ಕಿಲೋ. ಈ ಪದ ಲ್ಯಾಟಿನ್ ಮೂಲಕ ಇಂಗ್ಲಿಷಿಗೆ ಬಂತು. ಕನ್ನಡ ಬೈಬಲಿನ ಹಳೆಯ ಅನುವಾದದಲ್ಲಿ ಇದೇ ಪದ ‘ತಲಾಂತು’ ಆಗಿದೆ.

ಬೆಲೆ ಎಷ್ಟು?: ಒಂದು ತಲಾಂತು ಬೆಳ್ಳಿಗೆ ಸುಮಾರು 6,000 ದಿನಾರಿ ನಾಣ್ಯಗಳು. ದ್ರಾಕ್ಷಿತೋಟದ ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿ (ಮತ್ತಾಯ 20:2). ವರ್ಷಕ್ಕೆ 300 ದಿನ ದುಡಿದರೂ ಒಂದು ತಲಾಂತು ಸಂಪಾದಿಸಲು 20 ವರ್ಷ ಬೇಕು.

ಅರ್ಥ ಬದಲಾದದ್ದು: ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ಸಾಮತಿಯಲ್ಲಿ ಧಣಿಯು ತನ್ನ ಆಳುಗಳಿಗೆ ಐದು, ಎರಡು, ಒಂದು ತಲಾಂತು ಒಪ್ಪಿಸಿ ಪ್ರಯಾಣ ಹೊರಡುತ್ತಾನೆ. ಈ ಹಣವನ್ನು ದೇವರು ಕೊಟ್ಟ ಸಾಮರ್ಥ್ಯ ಎಂದು ಬೋಧಕರು ವಿವರಿಸುತ್ತಾ ಬಂದರು. ಹೀಗೆ 15ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಟ್ಯಾಲೆಂಟ್’ ಎಂದರೆ ಹುಟ್ಟಿನಿಂದ ಬಂದ ಶಕ್ತಿ ಎಂಬ ಅರ್ಥ ಬೇರೂರಿತು. ‘ಟ್ಯಾಲೆಂಟೆಡ್’ ಎಂಬ ರೂಪವಾದರೋ ಎಲ್ಲರಿಗೂ ರುಚಿಸಲಿಲ್ಲ. ಆಂಗ್ಲ ಕವಿ ಕೋಲ್‌ರಿಜ್ 1832ರಲ್ಲಿ ಅದನ್ನು ಕಟುವಾಗಿ ಟೀಕಿಸಿದ್ದ. ಆದರೂ ಆ ಪದ ಉಳಿಯಿತು.

ಇಂದಿನ ಬಳಕೆ: ‘ಟ್ಯಾಲೆಂಟ್’ಗೆ ಹತ್ತಿರದ ಕನ್ನಡ ಪದ ‘ಪ್ರತಿಭೆ’. ‘ಸ್ಕಿಲ್’ ಬೇರೆ, ಅದು ಕಲಿತು, ಅಭ್ಯಾಸದಿಂದ ಬಂದ ಕೌಶಲ. ಸ್ವರ ಹಿಡಿಯುವ ಕಿವಿ ಟ್ಯಾಲೆಂಟ್. ಕೀಬೋರ್ಡ್ ನುಡಿಸಲು ಬರುವುದು ಸ್ಕಿಲ್. ‘ಟ್ಯಾಲೆಂಟ್ ಶೋ’ ಎಂದರೆ ಪ್ರತಿಭಾ ಪ್ರದರ್ಶನ, ‘ಟ್ಯಾಲೆಂಟ್ ಹಂಟ್’ ಎಂದರೆ ಪ್ರತಿಭಾನ್ವೇಷಣೆ.

ಗಮನಿಸಬೇಕಾದದ್ದು: ಸಾಮತಿಯಲ್ಲಿ ಬರಿಗೈಯಲ್ಲಿ ಉಳಿದ ಆಳು ಒಬ್ಬನೂ ಇಲ್ಲ. ಅತಿ ಕಡಿಮೆ ಪಡೆದವನ ಕೈಯಲ್ಲೂ 20 ವರ್ಷಗಳ ದುಡಿಮೆಯಷ್ಟು ಹಣವಿತ್ತು. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಧಣಿ ಹೇಳಿದ ಮೆಚ್ಚುಗೆಯ ಮಾತು ಒಂದೇ (ವಚನ 21 ಮತ್ತು 23). ಮೂರನೆಯವನು ಗದರಿಕೆ ಕೇಳಿದ್ದು ಕಡಿಮೆ ಪಡೆದದ್ದಕ್ಕಲ್ಲ, ಹೆದರಿ ಮಣ್ಣಿನಲ್ಲಿ ಹೂತಿಟ್ಟದ್ದಕ್ಕೆ.

ಹಾಗಾಗಿ ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಕೊಡುವವರು, ಯುವಜನರನ್ನು ನಡೆಸುವವರು ಈ ಪದವನ್ನು ಜೋಪಾನವಾಗಿ ಬಳಸುವುದು ಒಳ್ಳೆಯದು. ರೋಗಿಯ ಬಳಿ ತಾಳ್ಮೆಯಿಂದ ಕುಳಿತುಕೊಳ್ಳುವ, ಲೆಕ್ಕ ಸರಿಯಾಗಿ ಇಡುವ, ಜಗಳವಾಡಿದವರನ್ನು ಒಂದುಗೂಡಿಸುವ ಶಕ್ತಿಯೂ ಟ್ಯಾಲೆಂಟೇ. ‘ನಿನಗೆ ಟ್ಯಾಲೆಂಟ್ ಇಲ್ಲ’ ಎಂದು ಕೇಳಿ ಬೆಳೆದ ಮಗು ತನ್ನಲ್ಲಿರುವುದನ್ನು ತಾನೇ ಹೂತಿಟ್ಟೀತು. ‘ನಿನ್ನ ಟ್ಯಾಲೆಂಟ್ ಯಾವುದು, ನೋಡೋಣ’ ಎಂದು ಕೇಳಿದರೆ ಅದನ್ನು ಹೊರತೆಗೆಯಲು ಧೈರ್ಯ ಬಂದೀತು.