ಅಗ್ಗದ ಸೈಕಲ್ಲು: ಒಂದು ಹಳೆಯ ಪ್ರಶ್ನೆಯ ಹೊಸ ರೂಪ

ಗದಗಿನಿಂದ ನರೇಗಲ್ಲ ಕಡೆಗೆ ಹೊರಟರೆ ಎರೆಹೊಲಗಳ ನಡುವೆ ಸಿಗುವ ಹಳೆಯ ಊರು ಕೋಟುಮಚಗಿ. ಕ್ರಿ.ಶ. 1012ರ ಶಾಸನದಿಂದ ಇತಿಹಾಸಕಾರರಿಗೆ ಪರಿಚಿತವಾದ ಈ ಊರಿನ ಲೆಕ್ಕದಲ್ಲಿ ಸೈಕಲ್ಲು ನಿನ್ನೆ ಮೊನ್ನೆ ಬಂದ ಅತಿಥಿ. ಆದರೂ ಈ ಭಾಗದ ಹಳ್ಳಿಗಳ ಬದುಕನ್ನು ಅದು ಬದಲಿಸಿದಷ್ಟು ಬೇರೆ ಯಾವ ಯಂತ್ರವೂ ಬದಲಿಸಿರಲಿಕ್ಕಿಲ್ಲ. ಹಾಲಿನ ಕ್ಯಾನು, ಕಾಯಿಪಲ್ಲೆಯ ಚೀಲ, ಹೊಲದ ಬುತ್ತಿ, ಶಾಲೆಯ ಪಾಟಿಚೀಲ ಎಲ್ಲವನ್ನೂ ಹೊತ್ತದ್ದು ಅದೇ. ತಾಸಿಗಿಷ್ಟು ಎಂದು ಬಾಡಿಗೆಗೆ ಸಿಗುತ್ತಿದ್ದ ಸೈಕಲ್ಲಿನಲ್ಲಿ, ಸೀಟಿಗೆ ಕಾಲು ನಿಲುಕದೆ, ತ್ರಿಕೋನದ ಒಳಗೆ ಕಾಲು ತೂರಿಸಿ ತುಳಿಯಲು ಕಲಿತವರ ಸಂಖ್ಯೆ ದೊಡ್ಡದು.

ಆ ತ್ರಿಕೋನವೇ ಸೈಕಲ್ಲಿನ ಚೌಕಟ್ಟು, ಅಂದರೆ ಫ್ರೇಮು. ಚಕ್ರ, ಚೈನು, ಪೆಡಲು ಸವೆದರೆ ಬದಲಾಗುತ್ತವೆ. ಫ್ರೇಮು ಮುರಿದರೆ ಸೈಕಲ್ಲೇ ಹೋಯಿತು. ನೂರಕ್ಕೂ ಹೆಚ್ಚು ವರ್ಷ ಉಕ್ಕಿನ ಕೊಳವೆಯಿಂದಲೇ ಆಗುತ್ತಿದ್ದ ಈ ಫ್ರೇಮು ಈಗ ಪಂದ್ಯದ ಸೈಕಲ್ಲುಗಳಲ್ಲಿ ಕಾರ್ಬನ್ ನಾರಿನದಾಗಿದೆ. ಜಗತ್ತಿನ ಕಾರ್ಬನ್ ಫ್ರೇಮುಗಳ ಬಹುಪಾಲು ತಯಾರಾಗುವುದು ಚೀನ ಮತ್ತು ತೈವಾನಿನಲ್ಲಿ. ಹೆಸರಾಂತ ಕಂಪನಿಯ ಪಂದ್ಯದ ಸೈಕಲ್ಲು ಹಲವು ಲಕ್ಷ ರೂಪಾಯಿ ಬಾಳುತ್ತದೆ. ಚೀನದ ಕಾರ್ಖಾನೆಯಿಂದ ಹೆಸರಿಲ್ಲದೆ ಬರುವ ಬರಿಯ ಫ್ರೇಮು ಅದರ ಒಂದು ಸಣ್ಣ ಪಾಲಿಗೆ ದೊರೆಯುತ್ತದೆ.

ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಕರ್ನಾಟಕದ ಸೈಕ್ಲಿಂಗಿನ ತವರು. ಇಲ್ಲಿಂದ ರಾಷ್ಟ್ರಮಟ್ಟಕ್ಕೆ ಏರಿದವರಲ್ಲಿ ಅನೇಕರು ರೈತರ, ಕೂಲಿಕಾರರ ಮಕ್ಕಳು. ಇಂಥ ಮನೆಯ ಹುಡುಗನೋ ಹುಡುಗಿಯೋ ಉಕ್ಕಿನ ಸೈಕಲ್ಲಿನಿಂದ ಪಂದ್ಯದ ಸೈಕಲ್ಲಿಗೆ ದಾಟಬೇಕಾದಾಗ ಮನೆಯವರ ಮುಂದೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಅಗ್ಗದ್ದನ್ನು ನಂಬಬಹುದೇ? ಒಂದು ಕಡೆ ಮನೆಯ ಸಾಲ, ಇನ್ನೊಂದು ಕಡೆ ಮಗುವಿನ ಜೀವ. ಈ ಪ್ರಶ್ನೆ ಇಂದಿನದಲ್ಲ. ಸೈಕಲ್ಲಿನ ಇತಿಹಾಸದುದ್ದಕ್ಕೂ ಇದು ಬೇರೆ ಬೇರೆ ವೇಷದಲ್ಲಿ ಬಂದಿದೆ.

ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು

ಗದಗಿಗೆ ರೈಲು ಬಂದದ್ದು 1884ರಲ್ಲಿ. ಅದರ ಮರುವರ್ಷ, 1885ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಹೆಚ್ಚುಕಡಿಮೆ ಸಮ ಗಾತ್ರದ ಎರಡು ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ‘ರೋವರ್’ ಸೈಕಲ್ಲನ್ನು ಹೊರತಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರು ರೂಪಿಸಿದ. 1897ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಎಂಬಾತ ನಡುವೆ ತೆಳುವಾಗಿ, ಬೆಸುಗೆಯಾಗುವ ತುದಿಗಳಲ್ಲಿ ಮಾತ್ರ ದಪ್ಪವಾಗಿರುವ ಉಕ್ಕಿನ ಕೊಳವೆಗೆ ಪೇಟೆಂಟ್ ಪಡೆದ. ಬಲ ಬೇಕಾದಲ್ಲಿ ಮಾತ್ರ ಲೋಹ ಇರಲಿ, ಉಳಿದಲ್ಲಿ ಭಾರ ಏಕೆ ಎಂಬುದು ಅವನ ಯೋಚನೆ. ಇಂದಿನ ಕಾರ್ಬನ್ ಫ್ರೇಮಿನ ತತ್ವವೂ ಇದೇ.

ಆಗ ಭಾರತಕ್ಕೆ ಬರುತ್ತಿದ್ದುದು ರಾಲಿ, ಬಿಎಸ್‌ಎ, ಹಂಬರ್, ಹರ್ಕ್ಯುಲಿಸ್ ಮೊದಲಾದ ಇಂಗ್ಲಿಷ್ ಸೈಕಲ್ಲುಗಳು. ಸರ್ಕಾರಿ ನೌಕರರು, ವಕೀಲರು, ವ್ಯಾಪಾರಸ್ಥರು ಮಾತ್ರ ಕೊಳ್ಳಬಲ್ಲ ಬೆಲೆ. 1930ರ ದಶಕದಲ್ಲಿ ಜಪಾನಿನ ಸೈಕಲ್ಲುಗಳು ಬಹಳ ಕಡಿಮೆ ಬೆಲೆಗೆ ಭಾರತದ ಪೇಟೆಗೆ ಇಳಿದವು. ಇಂದು ಚೀನದ ಮಾಲಿನ ಬಗ್ಗೆ ಕೇಳಿಬರುವ ಮಾತುಗಳೇ ಅಂದು ಜಪಾನಿನ ಮಾಲಿನ ಬಗ್ಗೆ ಕೇಳಿಬರುತ್ತಿದ್ದವು: ಅಗ್ಗ ನಿಜ, ಬಾಳಿಕೆ ಬಾರದು. ಅದೇ ಜಪಾನಿನ ಸಕಾಯ್ ಪಟ್ಟಣದಲ್ಲಿ 1921ರಲ್ಲಿ ಸಣ್ಣ ಕಾರ್ಯಾಗಾರವಾಗಿ ಹುಟ್ಟಿದ ಶಿಮಾನೊ, ಮುಂದೆ ಗೇರು ಬ್ರೇಕುಗಳಲ್ಲಿ ಜಗತ್ತೇ ನಂಬುವ ಹೆಸರಾಯಿತು.

ಸ್ವಾತಂತ್ರ್ಯದ ನಂತರ ಚಿತ್ರ ಬದಲಾಯಿತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, ಬಂಗಾಲದ ಆಸನ್ಸೋಲಿನಲ್ಲಿ ಸೆನ್-ರಾಲಿ, 1956ರಲ್ಲಿ ಲೂಧಿಯಾನದಲ್ಲಿ ಹೀರೊ ತಲೆ ಎತ್ತಿದವು. ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಎಂಬ ಇಂಗ್ಲಿಷ್ ಹೆಸರುಗಳನ್ನು ಹೊತ್ತ ಸೈಕಲ್ಲುಗಳು ಮದ್ರಾಸಿನ ಅಂಬತ್ತೂರಿನಲ್ಲಿ ತಯಾರಾಗತೊಡಗಿದವು. ಗದಗಿನ ಅಂಗಡಿಯಲ್ಲಿ ‘ರಾಲಿ’ ಕೊಂಡ ರೈತನ ಕೈಗೆ ಬಂದದ್ದು ಆಸನ್ಸೋಲಿನ ಕಾರ್ಮಿಕರು ಬೆಸೆದ ಫ್ರೇಮು. ಅದು ಚೆನ್ನಾಗಿಯೇ ಬಾಳಿತು. ಬಾಳಿಸಿದ್ದು ಅದರ ಮೇಲಿನ ಹೆಸರಲ್ಲ, ಕೊಳವೆಯ ಗುಣ, ಬೆಸುಗೆಯ ಶ್ರದ್ಧೆ ಮತ್ತು ತಪಾಸಣೆ.

ನೂಲಿನಂಥ ಇಂಗಾಲ

ಕಾರ್ಬನ್ ಎಂದರೆ ಇಂಗಾಲ. 1879ರಲ್ಲಿ ಎಡಿಸನ್ ತನ್ನ ವಿದ್ಯುದ್ದೀಪಕ್ಕೆ ಬಳಸಿದ್ದು ಸುಟ್ಟು ಇಂಗಾಲವಾಗಿಸಿದ ಎಳೆಯನ್ನೇ. ಆದರೆ ಗಟ್ಟಿ ವಸ್ತುವಾಗಿ ಅದು ರೂಪುಗೊಂಡದ್ದು 1960ರ ದಶಕದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನ ಪ್ರಯೋಗಾಲಯಗಳಲ್ಲಿ. 1971ರಲ್ಲಿ ಜಪಾನಿನ ಟೊರೆ ಕಂಪನಿ ಇದನ್ನು ವಾಣಿಜ್ಯ ಪ್ರಮಾಣದಲ್ಲಿ ಮಾರಾಟಕ್ಕೆ ತಂದಿತು. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು ಶೇ 45ರಷ್ಟು ಇಂಥ ನಾರಿನ ಸಂಯುಕ್ತ ವಸ್ತುವೇ ಇದೆ.

ಬೆಟಗೇರಿಯ ನೇಕಾರರಿಗೆ ಇದರ ಗುಟ್ಟು ಬೇಗ ತಿಳಿದೀತು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳು ಉದ್ದಕ್ಕೆ ಜಗ್ಗಿದರೆ ಉಕ್ಕನ್ನೂ ಮೀರಿಸುವಷ್ಟು ಗಟ್ಟಿ, ಅಡ್ಡಕ್ಕೆ ದುರ್ಬಲ. ಆದ್ದರಿಂದ ರಾಳದಲ್ಲಿ ನೆನೆಸಿದ ಹಾಳೆಗಳನ್ನು ತುಂಡು ತುಂಡಾಗಿ ಕತ್ತರಿಸಿ, ಎಳೆಯ ದಿಕ್ಕು ನೋಡಿ, ಒಂದರ ಮೇಲೊಂದು ಅಚ್ಚಿನೊಳಗೆ ಕೂರಿಸುತ್ತಾರೆ. ಒಂದು ಫ್ರೇಮಿಗೆ ಇಂಥ ನೂರಾರು ತುಂಡು ಬೇಕು. ಒಳಗೆ ಗಾಳಿಚೀಲ ಉಬ್ಬಿಸಿ, ಅಚ್ಚನ್ನು ಮುಚ್ಚಿ, ಕಾಯಿಸಿದಾಗ ರಾಳ ಗಟ್ಟಿಯಾಗಿ ಫ್ರೇಮು ಸಿದ್ಧವಾಗುತ್ತದೆ. ತೂಕ ಸುಮಾರು ಒಂದು ಕಿಲೊ. ಹಳ್ಳಿಯ ಉಕ್ಕಿನ ಸೈಕಲ್ಲು ಒಟ್ಟು 20 ಕಿಲೊ ಆಸುಪಾಸು ತೂಗುತ್ತಿತ್ತು ಎಂಬುದನ್ನು ನೆನೆದರೆ ಅಂತರ ಗೊತ್ತಾಗುತ್ತದೆ.

ಇದು ಬಹುಪಾಲು ಕೈಕೆಲಸ. ಒಂದು ಹಾಳೆ ಸುಕ್ಕಾದರೆ, ಮೂಲೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಬಣ್ಣದ ಕೆಳಗೆ ಯಾರಿಗೂ ಕಾಣದು. ಉಕ್ಕು ಸೋಲುವ ಮುನ್ನ ಸಾಮಾನ್ಯವಾಗಿ ಬಾಗುತ್ತದೆ, ಸವಾರನಿಗೆ ಎಚ್ಚರ ಕೊಡುತ್ತದೆ. ಕಾರ್ಬನ್ ಹೆಚ್ಚಿನ ಸೂಚನೆ ಕೊಡದೆ ಒಮ್ಮೆಗೇ ಮುರಿಯಬಹುದು. ಅಗ್ಗದ ಪ್ರಶ್ನೆ ಜೀವದ ಪ್ರಶ್ನೆಯಾಗುವುದು ಇಲ್ಲಿ.

ತೈವಾನಿನಿಂದ ಚೀನಕ್ಕೆ

1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕಾರ್ಬನ್ ಫ್ರೇಮಿನ ಮೇಲೆ ಟೂರ್ ದ ಫ್ರಾನ್ಸ್ ಗೆದ್ದಾಗ ಪಂದ್ಯದ ಲೋಕ ಈ ವಸ್ತುವಿನತ್ತ ತಿರುಗಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಒಂದೇ ಅಚ್ಚಿನ ಕಾರ್ಬನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದ. ಆದರೆ ಇದನ್ನು ಸಾಮಾನ್ಯರತ್ತ ತಂದವರು ತೈವಾನಿನವರು. 1972ರಲ್ಲಿ ಆರಂಭವಾಗಿ ಅಮೆರಿಕದ ಕಂಪನಿಗಳಿಗೆ ಸೈಕಲ್ಲು ಮಾಡಿಕೊಡುತ್ತಿದ್ದ ಜೈಂಟ್, 1987ರಲ್ಲಿ ತನ್ನದೇ ಕಾರ್ಬನ್ ಸೈಕಲ್ಲನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಟೆನಿಸ್ ಬ್ಯಾಟು, ಮೀನಿನ ಗಾಳದ ಕೋಲು ಮಾಡಿ ಕಾರ್ಬನ್ನಿನ ಕೈಚಳಕ ಕಲಿತಿದ್ದ ಕೆಲಸಗಾರರು ಆ ದ್ವೀಪದಲ್ಲಿದ್ದರು. ಕೂಲಿ ಏರಿದಂತೆ ಕಾರ್ಖಾನೆಗಳು ಸಮುದ್ರ ದಾಟಿ ಚೀನದ ಶೆಂಜೆನ್, ಡೊಂಗ್‌ಗ್ವಾನ್, ಶಿಯಾಮೆನ್ ಕಡೆ ಹೋದವು.

ಹೀಗೆ ಯುರೋಪು ಅಮೆರಿಕಗಳ ಹೆಸರಾಂತ ಕಂಪನಿಗಳಿಗೆ ಫ್ರೇಮು ಮಾಡಿಕೊಟ್ಟು ಪಳಗಿದ ಚೀನದಲ್ಲಿ ಸ್ವಂತ ಅಚ್ಚಿನ ಫ್ರೇಮುಗಳನ್ನು ನೇರವಾಗಿ ಮಾರುವವರು ಹುಟ್ಟಿಕೊಂಡರು. ಆಸನ್ಸೋಲಿನ ರಾಲಿಯ ಕಥೆ ತಿರುಗಾಮುರುಗಾ ಆಯಿತು: ಅಂದು ಹೊರಗಿನ ಹೆಸರಿಗೆ ಒಳಗಿನ ಕೆಲಸ, ಇಂದು ಕೆಲಸ ಉಂಟು, ಹೆಸರಿಲ್ಲ. ಆ ಹೆಸರೂ ಬರತೊಡಗಿದೆ. 2025ರಲ್ಲಿ ಶೆಂಜೆನ್ನಿನ ಎಕ್ಸ್‌ಡಿಎಸ್ ಕಂಪನಿಯ ಸೈಕಲ್ಲುಗಳ ಮೇಲೆ ಅಸ್ತಾನಾ ತಂಡ ಟೂರ್ ದ ಫ್ರಾನ್ಸಿನಲ್ಲಿ ಓಡಿತು. ಚೀನದ್ದು ಎಂದ ಮಾತ್ರಕ್ಕೆ ತಳ್ಳಿಹಾಕುವ ಕಾಲ ಮುಗಿದಿದೆ. ಹಾಗೆಂದು ಕಣ್ಣುಮುಚ್ಚಿ ಕೊಳ್ಳುವ ಕಾಲವೂ ಬಂದಿಲ್ಲ.

ಆರಿಸುವ ಬಗೆ

ಮೊದಲನೆಯದಾಗಿ, ಹೆಸರಿಲ್ಲದ ಫ್ರೇಮು ಬೇರೆ, ಕಳ್ಳ ಹೆಸರಿನ ಫ್ರೇಮು ಬೇರೆ. ದೊಡ್ಡ ಕಂಪನಿಯ ಹೆಸರನ್ನೇ ಬರೆದು ಅರೆಬೆಲೆಗೆ ಮಾರುವುದು ನಕಲಿ. ಹೆಸರಿನಲ್ಲೇ ಸುಳ್ಳು ಹೇಳಿದವನು ಒಳಗಿನ ಹಾಳೆಯ ಬಗ್ಗೆ ಸತ್ಯ ಹೇಳಿಯಾನೇ? ತನ್ನದೇ ಹೆಸರು, ವಿಳಾಸ, ಖಾತರಿ ಕೊಟ್ಟು ಮಾರುವ ತಯಾರಕನಿಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ.

ಎರಡನೆಯದು, ‘ಟಿ700’, ‘ಟಿ800’ ಎಂಬ ಚೀಟಿಗಳು. ಇವು ಟೊರೆ ಕಂಪನಿಯ ನಾರಿನ ದರ್ಜೆಗಳು. ದೊಡ್ಡ ಸಂಖ್ಯೆ ಎಂದರೆ ಎಳೆ ಹೆಚ್ಚು ಗಟ್ಟಿ, ಅಷ್ಟೇ. ಒಳ್ಳೆಯ ನೂಲು ಇದ್ದ ಮಾತ್ರಕ್ಕೆ ಸೀರೆ ಒಳ್ಳೆಯದಾಗದು, ನೇಯ್ಗೆಯೂ ಬೇಕು. ಚೀಟಿಗಿಂತ ಮುಖ್ಯವಾದದ್ದು ಆ ಫ್ರೇಮು ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಪರೀಕ್ಷೆಗೆ ಒಳಗಾಗಿದೆಯೇ ಎಂಬುದು. ಅಲ್ಲಿ ಫ್ರೇಮು ಮತ್ತು ಫೋರ್ಕುಗಳನ್ನು ಬಡಿದು, ಸಾವಿರಾರು ಸಲ ಒತ್ತಿ ನೋಡುತ್ತಾರೆ. ವರದಿಯನ್ನು ಕೇಳಿ ಪಡೆಯಬೇಕು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2011ರಿಂದ ಕೊಡುತ್ತಿರುವ ಯುಸಿಐ ಮುದ್ರೆಯನ್ನು ಇದರೊಡನೆ ಬೆರೆಸಬಾರದು. ಆ ಮುದ್ರೆ ಆಕಾರ, ಅಳತೆ ನಿಯಮಕ್ಕೆ ಸರಿಯಿದೆ ಎನ್ನುತ್ತದೆಯೇ ಹೊರತು ಗಟ್ಟಿತನಕ್ಕೆ ಹೊಣೆಯಲ್ಲ.

ಮೂರನೆಯದು ದುರಸ್ತಿ. ಪೆಡಲಿನ ಅಚ್ಚು ಕೂರುವ ಜಾಗಕ್ಕೆ ಈಗ ಹತ್ತಾರು ಬಗೆಯ ಅಳತೆಗಳಿವೆ. ಒತ್ತಿ ಕೂರಿಸುವ ಬಗೆಯಲ್ಲಿ ಅಳತೆ ಕೂದಲೆಳೆ ತಪ್ಪಿದರೂ ಕಿರಿಕಿರಿ ಸದ್ದು ಬಿಡದು. ‘ಬಿಎಸ್‌ಎ’ ಎಂದು ಬರೆದ, ತಿರುಗಿಸಿ ಬಿಗಿಯುವ ಬಗೆ ಎಲ್ಲಕ್ಕಿಂತ ಸರಳ. ಈ ಮೂರಕ್ಷರ 1861ರಲ್ಲಿ ಬಂದೂಕು ಮಾಡಲು ಹುಟ್ಟಿ ಮುಂದೆ ಸೈಕಲ್ಲಿಗೆ ತಿರುಗಿದ ಅದೇ ಬರ್ಮಿಂಗ್‌ಹ್ಯಾಮ್ ಕಂಪನಿಯದು. ಬಲಗಡೆಯ ಬಟ್ಟಲನ್ನು ಉಲ್ಟಾ ತಿರುಗಿಸಿ ಬಿಚ್ಚಬೇಕೆಂಬುದು ಹಳ್ಳಿಯ ಸೈಕಲ್ ಮಿಸ್ತ್ರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿನ ಗೇರು ತೂಗುವ ಸಣ್ಣ ಕೊಂಡಿ ಫ್ರೇಮಿನಿಂದ ಫ್ರೇಮಿಗೆ ಬೇರೆ. ಬಿದ್ದಾಗ ಮೊದಲು ಮುರಿಯುವುದು ಅದೇ. ಎರಡು ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಜಾಣತನ.

ನಾಲ್ಕನೆಯದು ನೆಲ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ನಿಂತಾಗ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆದವರ ನಾಡು ಇದು. ಬರಿಯ 25 ಮಿಲಿಮೀಟರ್ ಟಯರು ಹಿಡಿಸುವ ಫ್ರೇಮು ಯುರೋಪಿನ ರಸ್ತೆಗೆ ಸರಿ. ಇಲ್ಲಿ 32 ಮಿಲಿಮೀಟರಾದರೂ ಹಿಡಿಸಬೇಕು. ನೆಗ್ಗಿಲು ಮುಳ್ಳು, ಜಾಲಿ ಮುಳ್ಳುಗಳಿರುವಲ್ಲಿ ಒಳಗೆ ದ್ರವ ಹಾಕಿದ ಟ್ಯೂಬಿಲ್ಲದ ಟಯರು ಪಂಕ್ಚರಿನ ಕಾಟವನ್ನು ಬಹಳ ಕಡಿಮೆ ಮಾಡುತ್ತದೆ.

ಕೊನೆಯದಾಗಿ, ಹಣ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು? ಬಾಟಲಿ ಕಟ್ಟುವ ಹಿಡಿ, ಪೆಡಲು, ಹ್ಯಾಂಡಲಿನ ಪಟ್ಟಿ ಅಗ್ಗದ್ದಾದರೂ ನಡೆದೀತು. ಚೀನದ ಗೇರುಗಳೂ ಅಭ್ಯಾಸಕ್ಕೆ ಸಾಕು, ಆದರೆ ಬಿಡಿಭಾಗ ಹತ್ತಿರದಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಫೋರ್ಕು, ಹ್ಯಾಂಡಲು, ಬ್ರೇಕು, ಟಯರು ಇವು ನಾಲ್ಕರಲ್ಲಿ ಚೌಕಾಸಿ ಸಲ್ಲದು, ಇವುಗಳಲ್ಲಿ ಒಂದು ಕೈಕೊಟ್ಟರೂ ಸವಾರ ನೆಲಕ್ಕೆ ಬೀಳುತ್ತಾನೆ. ರಿಮ್ಮಿಗೇ ಬ್ರೇಕು ತಾಗುವ ಸೈಕಲ್ಲಿಗೆ ಅಗ್ಗದ ಕಾರ್ಬನ್ ರಿಮ್ಮು ಬೇಡ. ಉದ್ದದ ಇಳಿಜಾರಿನಲ್ಲಿ ಕಾದು ರಾಳ ಮೆತ್ತಗಾಗುವ ಅಪಾಯವಿದೆ. ಅಲ್ಯೂಮಿನಿಯಂ ಸಾಕು. ಬೋಲ್ಟುಗಳನ್ನು ಕೈಬಲದಿಂದ ಜಗ್ಗಿ ಬಿಗಿಯುವ ಹಳೆಯ ರೂಢಿ ಕಾರ್ಬನ್ನಿಗೆ ಶತ್ರು. ಹ್ಯಾಂಡಲಿನ ಬಳಿ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಬಿಗಿತ ಸಾಕು, ಅದನ್ನು ಅಳೆಯುವ ಪಾನಾ ಜೊತೆಗಿರಬೇಕು. ಜೋರಾಗಿ ಬಿದ್ದ ನಂತರ ಫ್ರೇಮಿನ ಉದ್ದಕ್ಕೂ ನಾಣ್ಯದಿಂದ ಮೆಲ್ಲಗೆ ತಟ್ಟಿ ನೋಡಬೇಕು. ಟಣಟಣ ಎನ್ನುವುದು ಎಲ್ಲೋ ಒಂದೆಡೆ ಮಂದವಾದರೆ ಒಳಗೆ ಪದರ ಬಿಟ್ಟಿರಬಹುದು. ಅಂಥ ಸೈಕಲ್ಲನ್ನು ಬಲ್ಲವರು ಪರೀಕ್ಷಿಸುವವರೆಗೆ ಏರಬಾರದು.

ಇಷ್ಟೆಲ್ಲ ಎಚ್ಚರ ಒಂಟಿ ಕೊಳ್ಳುಗನಿಗೆ ಭಾರವೆನಿಸೀತು. ಅದಕ್ಕೂ ಈ ನೆಲದಲ್ಲೇ ಒಂದು ದಾರಿ ಇದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಸಂಘ ಹುಟ್ಟಿತು. ಒಬ್ಬನಿಗೆ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂಬುದು ಅದರ ತಿರುಳು. ಹತ್ತು ಸವಾರರು ಕೂಡಿ ಒಂದೇ ಬಗೆಯ ಫ್ರೇಮು ತರಿಸಿದರೆ ಪರೀಕ್ಷಾ ವರದಿ ಕೇಳುವ ದನಿ ಗಟ್ಟಿಯಾಗುತ್ತದೆ. ಕೊಂಡಿ, ಬೇರಿಂಗು ಒಬ್ಬರದು ಇನ್ನೊಬ್ಬರಿಗೆ ಒದಗುತ್ತವೆ. ಅಳೆಯುವ ಪಾನಾ ಒಂದಿದ್ದರೆ ಎಲ್ಲರಿಗೂ ಸಾಲುತ್ತದೆ. ಊರಿನ ಮಿಸ್ತ್ರಿಗೂ ಒಂದೇ ಬಗೆಯ ಕೆಲಸ ಕೈಗೆ ಹತ್ತುತ್ತದೆ. ಬಾಡಿಗೆ ಸೈಕಲ್ಲಿನ ಅಂಗಡಿ ಒಂದು ಸೈಕಲ್ಲನ್ನು ಇಡೀ ಓಣಿಯ ಸೈಕಲ್ಲಾಗಿಸಿದ್ದು ಇದೇ ಲೆಕ್ಕದಿಂದ. ಉಕ್ಕು ಹೋಗಿ ಕಾರ್ಬನ್ ಬಂದರೂ ಆ ಲೆಕ್ಕ ತಪ್ಪಿಲ್ಲ.