ಹೊನ್ನಿನ ಬಣ್ಣದಿಂದ ಹಾಲಿನ ಜಿಡ್ಡಿಗೆ

ಶೇಕಡ 20ರ ಸಾರವುಳ್ಳ ಒಂದು ದ್ರಾವಣವನ್ನೂ ಶೇಕಡ 50ರ ಸಾರವುಳ್ಳ ಇನ್ನೊಂದನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೆ ಶೇಕಡ 30ರ ದ್ರಾವಣ ದೊರೆಯುತ್ತದೆ? ಬೀಜಗಣಿತದ ಪಠ್ಯಪುಸ್ತಕಗಳಲ್ಲಿ ಈ ಬಗೆಯ ಲೆಕ್ಕಗಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಬಿಡಿಸುವ ಕ್ರಮವೂ ಗೊತ್ತಾದದ್ದೇ. ತಿಳಿಯದ ಮೊತ್ತಕ್ಕೆ ಒಂದು ಅಕ್ಷರವನ್ನಿಟ್ಟು, ಬೆರೆಸುವ ಮುನ್ನ ಇದ್ದ ಸಾರವೂ ಬೆರೆಸಿದ ಮೇಲಿನ ಸಾರವೂ ಸಮವೆಂದು ಸಮೀಕರಣ ಬರೆಯಬೇಕು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಎಷ್ಟೆಷ್ಟು ಬೆರೆಸಿದರೆಂಬುದನ್ನು ನೋಡದೆ 20ನ್ನೂ 50ನ್ನೂ ಕೂಡಿಸಿ ಅರ್ಧಮಾಡುವವರೇ ಹೆಚ್ಚು. ಶೇಕಡಾಂಶಗಳು ಕೂಡುವುದಿಲ್ಲ, ಸಾರವು ಮಾತ್ರ ಕೂಡುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಗಣಿತವು ನಮ್ಮ ಅಧ್ಯಯನದ ವಿಷಯವಲ್ಲ. ಆದರೆ ಈ ಲೆಕ್ಕಕ್ಕೆ ಒಂದು ಇತಿಹಾಸವಿದೆ. ಅದರಲ್ಲಿ ಕನ್ನಡನಾಡಿಗೆ ದೊಡ್ಡ ಪಾಲಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನಿಗೆ ಇಂದಿಗೂ ಅದು ಹಣದ ಪ್ರಶ್ನೆಯೇ ಆಗಿದೆ. ಆದಕಾರಣ ಈ ಪ್ರಸ್ತಾಪ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ (ಕ್ರಿ.ಶ. 814-878) ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದಸಹಿತ ಇದನ್ನು ಪ್ರಕಟಿಸಿದ ಮೇಲೆ ಗ್ರಂಥವು ಲೋಕದ ವಿದ್ವಾಂಸರ ಗಮನಕ್ಕೆ ಬಂದಿತು. ಇದರ ಆರನೆಯ ಅಧ್ಯಾಯಕ್ಕೆ 'ಮಿಶ್ರಕ ವ್ಯವಹಾರ'ವೆಂದೇ ಹೆಸರು. ಬಡ್ಡಿ, ಬಂಡವಾಳದ ಹಂಚಿಕೆ ಮುಂತಾದ ವಿಚಾರಗಳ ಜೊತೆಗೆ ಹೊನ್ನು ಬೆರೆಸುವ ಲೆಕ್ಕಗಳೂ ಅಲ್ಲಿ ಬರುತ್ತವೆ. ಅಪ್ಪಟ ಚಿನ್ನವು 16 ವರ್ಣದ್ದು, ಅಂದರೆ 16 ಬಣ್ಣದ್ದು. ಬೆರಕೆ ಹೆಚ್ಚಿದಂತೆ ಬಣ್ಣ ಇಳಿಯುತ್ತದೆ. ಒಂದೊಂದು ತುಂಡಿನ ತೂಕವನ್ನು ಅದರ ಬಣ್ಣದಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಕರಗಿಸಿದ ಹೊನ್ನಿನ ಬಣ್ಣ ತಿಳಿಯುತ್ತದೆಂಬುದು ಸೂತ್ರ. 14 ಬಣ್ಣದ 5 ಗದ್ಯಾಣ ತೂಕದ ಹೊನ್ನಿಗೆ 10 ಬಣ್ಣದ 3 ಗದ್ಯಾಣವನ್ನು ಕೂಡಿಸಿದೆವೆನ್ನೋಣ. ಎಪ್ಪತ್ತು ಮತ್ತು ಮೂವತ್ತು ಸೇರಿ ನೂರು. ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಬಣ್ಣ. ನಮ್ಮ ವಿದ್ಯಾರ್ಥಿಯು 14ಕ್ಕೂ 10ಕ್ಕೂ ನಡುವಣ 12ನ್ನು ಬರೆದು ಅರ್ಧ ಬಣ್ಣವನ್ನು ಕಳೆದುಕೊಳ್ಳುತ್ತಾನೆ. ಕುಲುಮೆಯ ಮುಂದೆ ಕುಳಿತವನು ಹಾಗೆ ಕಳೆದುಕೊಳ್ಳಲಾರನಷ್ಟೆ!

ರಾಷ್ಟ್ರಕೂಟರ ಆಳ್ವಿಕೆಯ ನೆರಳು ನಮ್ಮ ಸೀಮೆಯ ಮೇಲೂ ಬಿದ್ದಿತ್ತೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನ ಸಾಕ್ಷಿ. ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿದ ಕಥೆಗಾಗಿ ಪ್ರಸಿದ್ಧವಾಗಿರುವ ಈ ಶಾಸನವು, ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಎದುರಿಸಿದ ಯುದ್ಧವನ್ನೂ ಹೇಳುತ್ತದೆ. ಈ ರಾಜಾದಿತ್ಯನೇ ಬೇರೆ, ಹನ್ನೆರಡನೆಯ ಶತಮಾನದಲ್ಲಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ ಜೈನಕವಿ ರಾಜಾದಿತ್ಯನೇ ಬೇರೆ. ಗಣಿತವನ್ನು ಕನ್ನಡಕ್ಕೆ ಇಳಿಸಿದ ಈ ಎರಡನೆಯವನನ್ನು ನಮ್ಮ ಪಠ್ಯಕ್ರಮಗಳು ಇನ್ನಷ್ಟು ನೆನೆಯಬೇಕಾಗಿತ್ತೆಂದು ನಮಗೆ ತೋರುತ್ತದೆ.

ಮೇಲಿನ ಸೂತ್ರವು ಬೆರೆಸಿದ್ದರ ಬಣ್ಣವನ್ನು ಹೇಳುತ್ತದೆ. ಬೇಕಾದ ಬಣ್ಣವನ್ನು ಮೊದಲೇ ಗೊತ್ತುಮಾಡಿ, ಬೆರೆಸಬೇಕಾದ ತೂಕಗಳನ್ನು ಕೇಳಿದರೆ ಹೇಗೆ? ಭಾಸ್ಕರಾಚಾರ್ಯನು ಕ್ರಿ.ಶ. 1150ರ ಸುಮಾರಿನ 'ಲೀಲಾವತಿ'ಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಹೆಚ್ಚಿನ ಬಣ್ಣದಿಂದ ಬೇಕಾದ ಬಣ್ಣವನ್ನು ಕಳೆದರೆ ಉಳಿಯುವುದು ಕಡಮೆ ಹೊನ್ನಿನ ಭಾಗ. ಬೇಕಾದದ್ದರಿಂದ ಕಡಮೆಯದನ್ನು ಕಳೆದರೆ ಉಳಿಯುವುದು ಹೆಚ್ಚಿನ ಹೊನ್ನಿನ ಭಾಗ. ಅವನದೇ ಉದಾಹರಣೆಯಲ್ಲಿ 16 ಮತ್ತು 10 ಬಣ್ಣದ ಹೊನ್ನುಗಳು ಕೂಡಿ 12 ಆಗಬೇಕು. ಮೊದಲನೆಯದು 2 ಭಾಗ, ಎರಡನೆಯದು 4 ಭಾಗ. ಇಲ್ಲಿ ಅಕ್ಷರವೂ ಇಲ್ಲ, ಸಮೀಕರಣವೂ ಇಲ್ಲ. ಎರಡು ವ್ಯವಕಲನಗಳಲ್ಲಿ ಲೆಕ್ಕ ಮುಗಿಯಿತು.

ಇದೇ ಕ್ರಮವನ್ನು ಇಂದು ಹಾಲಿನ ಉದ್ಯಮದವರು 'ಪಿಯರ್ಸನ್ ಚೌಕ'ವೆಂಬ ಹೆಸರಿನಲ್ಲಿ ಕಲಿಯುತ್ತಾರೆ. ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸ್ಟಾಂಡರ್ಡೈಸ್ಡ್ ಹಾಲಿಗೆ ಶೇಕಡ 4.5ರ ಜಿಡ್ಡು ಇರಬೇಕೆಂಬುದು ನಿಯಮ. ಶೇಕಡ 3.5 ಜಿಡ್ಡಿನ ಹಸುವಿನ ಹಾಲನ್ನೂ 6.5 ಜಿಡ್ಡಿನ ಎಮ್ಮೆಯ ಹಾಲನ್ನೂ ಬೆರೆಸಿ ಅದನ್ನು ಪಡೆಯಬೇಕಾದರೆ, ಭಾಸ್ಕರನ ಸೂತ್ರದಂತೆ ಹಸುವಿನದು 2 ಭಾಗ, ಎಮ್ಮೆಯದು 1 ಭಾಗ. 200 ಕಿಲೋ ಹಸುವಿನ ಹಾಲಿನಲ್ಲಿ 7 ಕಿಲೋ ಜಿಡ್ಡು, 100 ಕಿಲೋ ಎಮ್ಮೆಯ ಹಾಲಿನಲ್ಲಿ ಆರೂವರೆ ಕಿಲೋ. ಒಟ್ಟು 300 ಕಿಲೋ ಹಾಲಿನಲ್ಲಿ ಹದಿಮೂರೂವರೆ. ಲೆಕ್ಕ ಸರಿಹೋಯಿತು. ಪಾಶ್ಚಾತ್ಯರು ಇದನ್ನು ನಮ್ಮಿಂದ ಕದ್ದರೆಂದು ಹೇಳುವ ಚಪಲ ನಮಗಿಲ್ಲ. ಒಂದೇ ಅಗತ್ಯವು ಎರಡು ಕಡೆ ಒಂದೇ ದಾರಿಯನ್ನು ತೋರಿಸಿರಬಹುದು.

ಆದರೆ ಬೆರೆಸುವ ಲೆಕ್ಕದಲ್ಲಿ ಪಠ್ಯಪುಸ್ತಕ ಕೇಳದ ಒಂದು ಪ್ರಶ್ನೆಯಿದೆ: ಅಳೆಯುವುದು ಬೆರೆಸುವ ಮೊದಲೋ, ಆಮೇಲೋ? ಹಳ್ಳಿಯ ಹಾಲಿನ ಸಂಘಕ್ಕೆ ಒಬ್ಬನು 4.0 ಜಿಡ್ಡಿನ 10 ಕಿಲೋ ಹಾಲು ಹಾಕುತ್ತಾನೆ, ಇನ್ನೊಬ್ಬನು 3.2ರ 10 ಕಿಲೋ. ಕ್ಯಾನಿಗೆ ಸುರಿದ ಮೇಲೆ ಅಳೆದರೆ 3.6. ಮೊದಲನೆಯವನ 400 ಗ್ರಾಂ ಜಿಡ್ಡು 360ಕ್ಕೆ ಇಳಿದು, ಆ 40 ಗ್ರಾಂ ಎರಡನೆಯವನ ಲೆಕ್ಕಕ್ಕೆ ಸೇರುತ್ತದೆ. ಮೊತ್ತದಲ್ಲಿ ತಪ್ಪಿಲ್ಲ, ನ್ಯಾಯದಲ್ಲಿ ಮಾತ್ರ ತಪ್ಪು. ಆದುದರಿಂದಲೇ ಸುರಿಯುವ ಮುನ್ನ ಒಬ್ಬೊಬ್ಬರ ಹಾಲಿನಿಂದಲೂ ಮಾದರಿ ತೆಗೆದು ಪರೀಕ್ಷಿಸುವ ಪದ್ಧತಿ ಬಂದಿತು.

ಕಬ್ಬಿನ ವಿಷಯ ಹಾಗಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು 1933ರಲ್ಲಿ, ಕೃಷ್ಣರಾಜಸಾಗರದ ನೀರು ಹೊಸದಾಗಿ ಹರಿದ ಕಾಲದಲ್ಲಿ ಸ್ಥಾಪಿತವಾಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಪ್ರಯತ್ನವು ಇದಕ್ಕೆ ಮುಖ್ಯ ಕಾರಣವಾಗಿತ್ತು. ಆಲೆಮನೆಯಲ್ಲಿ ರೈತನು ತನ್ನ ಕಬ್ಬನ್ನೇ ಅರೆಸಿ ಬೆಲ್ಲ ಕಾಯಿಸಿದರೆ ಅದರ ಸಿಹಿಯೂ ಅವನದೇ, ದೋಷವೂ ಅವನದೇ. ಕಾರ್ಖಾನೆಯಲ್ಲಿ ಎಲ್ಲರ ರಸವೂ ಒಂದಾಗುತ್ತದೆ. ಕೇಂದ್ರ ಸರ್ಕಾರವು ಗೊತ್ತುಮಾಡುವ ಕಬ್ಬಿನ ಬೆಲೆಯು ಸಕ್ಕರೆಯ ಇಳುವರಿಯನ್ನು ಅವಲಂಬಿಸಿದೆ. 2022-23ರ ಹಂಗಾಮಿನಿಂದ ಮೂಲ ಇಳುವರಿಯನ್ನು ಶೇಕಡ 10.25 ಎಂದು ಇಟ್ಟು, ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಬೆಲೆ ಕೊಡುವ ಕ್ರಮವಾಯಿತು. ಈ ಇಳುವರಿಯಾದರೋ ಇಡೀ ಕಾರ್ಖಾನೆಯ ಸರಾಸರಿ, ಒಬ್ಬ ರೈತನ ಗದ್ದೆಯದಲ್ಲ. ಹದವಾಗಿ ಬಲಿತ ಕಬ್ಬನ್ನು ಕಡಿದ ದಿನವೇ ಸಾಗಿಸಿದವನೂ, ಒಣಗಿದ ಕಬ್ಬನ್ನು ನಾಲ್ಕು ದಿನ ಕಳೆದು ತಂದವನೂ ಟನ್ನಿಗೆ ಒಂದೇ ದರ ಪಡೆಯುತ್ತಾರೆ. ಮಹಾವೀರಾಚಾರ್ಯನ ಸೂತ್ರದಲ್ಲಿ ಪ್ರತಿಯೊಂದು ತುಂಡಿಗೂ ಅದರದೇ ಬಣ್ಣವುಂಟು. ಗುಣಾಕಾರವು ಅಲ್ಲಿಂದ ಮೊದಲಾಗುತ್ತದೆ. ಕಾರ್ಖಾನೆಯ ತೂಕದ ಸೇತುವೆಯ ಮೇಲೆ ನಿಂತ ಗಾಡಿಗೆ ತೂಕ ಮಾತ್ರ ಉಂಟು.