ಗಡಿಯ ಆಚೀಚೆ ಬೀಡಿ ಕೆಲಸ

ಕಾಸರಗೋಡು, ಕಣ್ಣೂರು ಕಡೆ ಸಾವಿರಾರು ಮಂದಿ 1968ರವರೆಗೆ ಬೀಡಿ ಕಟ್ಟುತ್ತಿದ್ದದ್ದು ಮಂಗಳೂರಿನ ಗಣೇಶ್ ಬೀಡಿ, ಭಾರತ್ ಬೀಡಿ ಕಂಪನಿಗಳಿಗೆ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕೇ ಆಗಿತ್ತು. ಕೇರಳಕ್ಕೆ ಸೇರಿದ ಮೇಲೂ ಕಸುಬಿನಲ್ಲಿ ಗಡಿ ಕಾಣಿಸಲಿಲ್ಲ. ಅದನ್ನು ಎಳೆದದ್ದು ಒಂದು ಕಾಯಿದೆ.

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಸಂಸತ್ತು 1966ರಲ್ಲಿ ಮಾಡಿತು. ಕೆಲಸದ ವೇಳೆ, ವಾರದ ರಜೆ, ಪರವಾನಗಿ ಪಡೆದ ಕಟ್ಟಡ ಎಲ್ಲವೂ ಅದರಲ್ಲಿದ್ದವು. ಜಾರಿಗೆ ತರುವುದು ರಾಜ್ಯಗಳ ಹೊಣೆ. ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ 1968ರಲ್ಲಿ ಜಾರಿಮಾಡಿದ್ದೇ ತಡ, ಮಂಗಳೂರಿನ ಕಂಪನಿಗಳು ಕೇರಳದಲ್ಲಿ ಬಾಗಿಲು ಹಾಕಿದವು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರ ಫೆಬ್ರವರಿಯಲ್ಲಿ ಸರಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಜಿ.ಕೆ. ಪಣಿಕ್ಕರ್ ಮೊದಲ ಅಧ್ಯಕ್ಷರು. ಮುಂದೆ ಅದರ ಕೆಲಸಗಾರರ ಸಂಖ್ಯೆ 30,000 ದಾಟಿತು.

ಅಲ್ಲಿ ಕೆಲಸವೆಂದರೆ ಶೆಡ್ಡಿನಲ್ಲಿ ಸಾಲಾಗಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು, ಕಿವಿಯನ್ನು ಪತ್ರಿಕೆಗೆ ಕೊಡುವುದು. ಒಬ್ಬ ಗಟ್ಟಿಯಾಗಿ ಓದುತ್ತಿದ್ದ. ಅಷ್ಟು ಹೊತ್ತು ಅವನ ಕೈ ಖಾಲಿಯಾದ್ದರಿಂದ ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಒಂದಿಷ್ಟನ್ನು ಅವನ ಲೆಕ್ಕಕ್ಕೆ ಹಾಕುತ್ತಿದ್ದರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವ ಕಸುಬಿನಲ್ಲಿ ಇದು ಸಣ್ಣ ಮಾತಲ್ಲ. ಈ ಓದು ಸಹಕಾರ ಸಂಘಕ್ಕಿಂತ ಹಳೆಯದು, ಮಲಬಾರಿನ ಬೀಡಿ ಕಂಪನಿಗಳಲ್ಲೇ ರೂಢಿಯಾಗಿತ್ತು. ಕ್ಯೂಬಾದ ಹವಾನಾದಲ್ಲಿ ಚುರುಟು ಸುತ್ತುವವರೂ 1865ರಿಂದ ಇದನ್ನೇ ಮಾಡುತ್ತಿದ್ದರು. ಕೈಗೆ ಕೆಲಸವಿದ್ದು ಸದ್ದು ಮಾಡುವ ಯಂತ್ರವಿಲ್ಲದ ಕಡೆ ಓದಿಗೆ ಎಡೆ ಸಿಗುತ್ತದೆ.

ದಕ್ಷಿಣ ಕನ್ನಡದ ಕಡೆ ಶೆಡ್ಡಿನ ಬದಲು ಮನೆಯ ಜಗಲಿ, ಕಟ್ಟುವವರು ಹೆಚ್ಚಾಗಿ ಹೆಂಗಸರು. ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಅಡುಗೆ, ಹಟ್ಟಿ ಕೆಲಸಗಳ ನಡುವೆ ಕಟ್ಟಬೇಕು. ಕಟ್ಟುಗಳನ್ನು ಒಪ್ಪಿಸಿದಾಗ ಕಂತ್ರಾಟುದಾರ ಸರಿಯಿಲ್ಲವೆಂದು ತೆಗೆದ ಬೀಡಿಗೆ ಕೂಲಿಯಿಲ್ಲ. ಎಲೆ ಹರಿದಿದ್ದು ಸಾಲದೆ ಹೋದರೆ ಆ ಹೊರೆಯೂ ಕಟ್ಟುವವಳದೇ. ಇಷ್ಟೇ ಹೊತ್ತಿಗೆ ಬಾ ಎನ್ನುವವರಿಲ್ಲ ಎಂಬುದು ನಿಜ. ಕೂಲಿ ಕಡಿತವಾದಾಗ ಜೊತೆಯಲ್ಲಿ ಕೂತು ಕೇಳುವವರೂ ಇಲ್ಲ. ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1985ರಲ್ಲಿ.

ಈ ವ್ಯತ್ಯಾಸ ರಾಜ್ಯದ ಗಡಿಗೆರೆಯ ಮೇಲೆ ಕರಾರುವಾಕ್ಕಾಗಿ ನಿಲ್ಲುವುದಿಲ್ಲ. ಕೇರಳದೊಳಗಿದ್ದರೂ ಮಂಜೇಶ್ವರ ಕಡೆಯ ಕನ್ನಡ, ತುಳು ಮನೆಗಳು ಮಂಗಳೂರಿನ ರೀತಿಯನ್ನೇ ಉಳಿಸಿಕೊಂಡವು. ಕಾಸರಗೋಡಿನ ದಕ್ಷಿಣದ ಹೊಸದುರ್ಗ, ನೀಲೇಶ್ವರಗಳಲ್ಲಿ ದಿನೇಶ್ ಶೆಡ್ಡು ಬೇರೂರಿತು.

1990ರ ದಶಕದಲ್ಲಿ ಬೀಡಿಗೆ ಬೇಡಿಕೆ ಇಳಿಯಿತು. ದಿನೇಶ್ ಸಂಘ ಕೊಡೆ, ಮಸಾಲೆ ಪುಡಿ, ಸಿದ್ಧ ಉಡುಪುಗಳತ್ತ ಹೊರಳಿತು. ಮಂಗಳೂರಿನ ಕಂಪನಿಗಳು ಬ್ರಾಂಚು, ಕಂತ್ರಾಟುದಾರರ ಮೂಲಕವೇ ಮುಂದುವರಿದವು.